ಕೆಂಗೇರಿಯಿಂದ ವೀಲ್‌ಚೇರ್‌ನಲ್ಲಿ ದಿನಾ ಆಫೀಸಿಗೆ: ಮೆಟ್ರೋ ಇಳಿದ ಮೇಲಿನ 450 ಮೀಟರ್ ದಾಟುವುದು ಹೇಗೆ?

ಕೆಂಗೇರಿ ಅಕ್ಕ

ಎಲ್ಲರಿಗೂ ನಮಸ್ಕಾರ. ತಮ್ಮನ ವಿಷಯಕ್ಕೆ ಸಲಹೆ ಕೇಳಲು ಬಂದಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ಅವನಿಗೆ 26 ವರ್ಷ. ಮೂರು ವರ್ಷದ ಹಿಂದೆ ಬೈಕ್‌ನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಬಲ ಇಲ್ಲ. ಕೈಯಿಂದ ತಳ್ಳಿಕೊಂಡು ಹೋಗುವ ವೀಲ್‌ಚೇರ್ ಬಳಸುತ್ತಾನೆ. ಮನೆಯಲ್ಲಿ ಎಲ್ಲಾ ತಾನೇ ಮಾಡಿಕೊಳ್ಳುತ್ತಾನೆ. ಹೋದ ತಿಂಗಳು ಲೆಕ್ಕಪತ್ರದ ಕೆಲಸ ಸಿಕ್ಕಿತು. ವಾರಕ್ಕೆ ನಾಲ್ಕು ದಿನ ಆಫೀಸಿಗೆ ಹೋಗಬೇಕು.

ಆಫೀಸ್ ಇರುವುದು ಬೆಂಗಳೂರಿನ ಪೂರ್ವಕ್ಕೆ, ಮೆಟ್ರೋದ ನೇರಳೆ ಮಾರ್ಗದ ಮೇಲೆಯೇ. ಹೊಸ ಕೆಲಸ, ಹಾಗಾಗಿ ಜಾಗದ ಹೆಸರು ಬರೆಯುವುದಿಲ್ಲ. ಕೆಂಗೇರಿಯಲ್ಲಿ ಹತ್ತಿದರೆ ಎಲ್ಲೂ ಬದಲಿಸಬೇಕಾಗಿಲ್ಲ. ನಿಲ್ದಾಣದವರೆಗೆ ಪಕ್ಕದ ಮನೆಯವರ ಆಟೋ ಇದೆ. ತೊಂದರೆ ಇರುವುದು ಇಳಿದ ಮೇಲೆ. ನಿಲ್ದಾಣದಿಂದ ಆಫೀಸಿಗೆ 450 ಮೀಟರ್. ನಾನು ನಡೆದು ನೋಡಿದೆ. ಆರು ನಿಮಿಷ ಸಾಕಾಯಿತು. ಅವನು ಹೇಗೆ ಹೋಗುತ್ತಾನೆ ಅನ್ನುವುದೇ ತಿಳಿಯುತ್ತಿಲ್ಲ. ಫುಟ್‌ಪಾತ್ ಏರಿಳಿತ, ಮಧ್ಯೆ ಕಬ್ಬಿಣದ ಕಂಬಗಳು, ಒಂದು ಕಡೆ ಟ್ರಾನ್ಸ್‌ಫಾರ್ಮರ್.

ದಿನಾ ಟ್ಯಾಕ್ಸಿ ಮಾಡಿದರೆ ಸಂಬಳದ ಮೂರನೇ ಒಂದು ಭಾಗ ಅದಕ್ಕೇ ಹೋಗುತ್ತದೆ. ಅದೂ ಅಲ್ಲದೆ ಬರುವ ಟ್ಯಾಕ್ಸಿಗಳಲ್ಲಿ ಹೆಚ್ಚಿನವಕ್ಕೆ ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್. ವೀಲ್‌ಚೇರ್ ಇಡಲು ಜಾಗವೇ ಇಲ್ಲ.

ಇಂಥ ಓಡಾಟ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಮುಂದಿನ ತಿಂಗಳು 1ನೇ ತಾರೀಖು ಅವನು ಸೇರಬೇಕು.

ನಾಲ್ಕು ಚಕ್ರ

ಅಕ್ಕ, ಮೊದಲು ನಿಮ್ಮ ತಮ್ಮನಿಗೆ ಅಭಿನಂದನೆ ಹೇಳಿ. ನಾನು 11 ವರ್ಷದಿಂದ ವೀಲ್‌ಚೇರ್‌ನಲ್ಲಿದ್ದೇನೆ, 7 ವರ್ಷದಿಂದ ಮೆಟ್ರೋದಲ್ಲಿ ಕೆಲಸಕ್ಕೆ ಹೋಗುತ್ತಿದ್ದೇನೆ. ಆಗುತ್ತದೆ. ಆದರೆ ಒಂದನೇ ತಾರೀಖು ಬೆಳಗ್ಗೆ ಮೊದಲ ಸಲ ಹೊರಡಬೇಡಿ. ಅದಕ್ಕೂ ಮುಂಚೆ ಒಂದು ಭಾನುವಾರ ಬೆಳಗ್ಗೆ ಜನ ಇಲ್ಲದಾಗ ಒಮ್ಮೆ, ಆಮೇಲೆ ವಾರದ ದಿನ ಆಫೀಸ್ ಹೊತ್ತಿಗೇ ಇನ್ನೊಮ್ಮೆ ಹೋಗಿ ಬನ್ನಿ. ಎರಡೂ ಬೇರೆ ಬೇರೆ ಪ್ರಯಾಣ.

ಮೆಟ್ರೋ ಒಳಗಿನದು ಸುಲಭದ ಭಾಗ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಅಗಲದ ಗೇಟ್ ಇದೆ, ಬೋಗಿಯಲ್ಲಿ ವೀಲ್‌ಚೇರ್ ನಿಲ್ಲಿಸುವ ಜಾಗ ಇದೆ. ನೆನಪಿಡಬೇಕಾದ್ದು ಏನೆಂದರೆ ನಿಲ್ದಾಣದ ಎಲ್ಲಾ ಬಾಗಿಲಲ್ಲೂ ಲಿಫ್ಟ್ ಇರುವುದಿಲ್ಲ. ಇಳಿಯುವ ನಿಲ್ದಾಣದಲ್ಲಿ ಲಿಫ್ಟ್ ರಸ್ತೆಯ ಯಾವ ಬದಿಗೆ ಬಿಡುತ್ತದೆ ಅಂತ ನೋಡಿ. ತಪ್ಪು ಬದಿಗೆ ಇಳಿದರೆ ರಸ್ತೆ ದಾಟುವುದೇ ಅರ್ಧ ಗಂಟೆ. ಎತ್ತರದ ನಿಲ್ದಾಣದಲ್ಲಿ ಸಾಮಾನ್ಯವಾಗಿ ಎರಡು ಲಿಫ್ಟ್ ಹತ್ತಬೇಕು. ರಸ್ತೆಯಿಂದ ಟಿಕೆಟ್ ಇರುವ ಮಹಡಿಗೆ ಒಂದು, ಅಲ್ಲಿಂದ ಪ್ಲಾಟ್‌ಫಾರ್ಮ್‌ಗೆ ಇನ್ನೊಂದು. ಯಾವ ಯಂತ್ರವಾದರೂ ಒಂದು ದಿನ ಕೆಡುತ್ತದೆ. ಆ ದಿನಕ್ಕೆ ಹಿಂದಿನ ಅಥವಾ ಮುಂದಿನ ನಿಲ್ದಾಣದಿಂದ ಹೇಗೆ ಬರುವುದು ಅಂತ ಈಗಲೇ ಯೋಚಿಸಿಡಿ.

ರೈಲು ಹತ್ತುವಾಗ ಹಿಮ್ಮುಖವಾಗಿ ಹತ್ತಲಿ. ದೊಡ್ಡ ಚಕ್ರ ಮೊದಲು ಹೋದರೆ ಸಂದಿಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಸಣ್ಣ ಚಕ್ರ ಮೊದಲು ಹೋದರೆ ಅದು ತಿರುಗಿ ಸಂದಿಯಲ್ಲಿ ಕೂರುತ್ತದೆ. ಒಳಗೆ ಹೋದ ತಕ್ಷಣ ಬ್ರೇಕ್ ಹಾಕಬೇಕು. ಬೆಳಗ್ಗೆ ಕೆಂಗೇರಿಯಲ್ಲಿ ರೈಲು ಖಾಲಿ ಇರುತ್ತದೆ, ಏಕೆಂದರೆ ಚಲ್ಲಘಟ್ಟದಿಂದ ಹೊರಟು ಅದೇ ಮುಂದಿನ ನಿಲ್ದಾಣ. ಸಂಜೆ ವಾಪಸ್ ಬರುವಾಗ ಮೆಜೆಸ್ಟಿಕ್‌ವರೆಗೆ ಕಷ್ಟ. ಒಂದೆರಡು ರೈಲು ಬಿಡಬೇಕಾಗಬಹುದು. ಅದಕ್ಕೆ ಬೇಸರ ಬೇಡ. ಆಗುವುದಾದರೆ ಆಫೀಸಿನಲ್ಲಿ ಅರ್ಧ ಗಂಟೆ ಬೇಗ ಬಂದು ಬೇಗ ಹೊರಡಲು ಕೇಳಲಿ.

ಇನ್ನೊಂದು ಮಾತು, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ದಾರಿಯಲ್ಲಿ ಶೌಚಾಲಯ ಸಿಗಲ್ಲ ಅನ್ನುವ ಹೆದರಿಕೆಗೆ ನಾವೆಲ್ಲ ಬೆಳಗ್ಗೆ ನೀರು ಕುಡಿಯುವುದನ್ನೇ ಬಿಡುತ್ತೇವೆ. ನಾನು ಎರಡು ವರ್ಷ ಹಾಗೆ ಮಾಡಿ ಮೂತ್ರದ ಸೋಂಕಿನಿಂದ ಆಸ್ಪತ್ರೆ ಸೇರಿದೆ. ನಿಮ್ಮ ತಮ್ಮ ಹಾಗೆ ಮಾಡದಂತೆ ನೋಡಿಕೊಳ್ಳಿ. ಆಫೀಸಿನ ಶೌಚಾಲಯದ ಬಾಗಿಲನ್ನು ಟೇಪ್ ಹಿಡಿದು ಅಳೆದುಕೊಂಡು ಬನ್ನಿ. ಬಾಗಿಲು 90 ಸೆಂ.ಮೀ. ಇದ್ದರೆ ನೆಮ್ಮದಿ. 60 ಇದ್ದರೆ ಸೇರುವ ಮುಂಚೆಯೇ ಮಾತಾಡಬೇಕು.

ಕುಳಿತಲ್ಲೇ 15-20 ನಿಮಿಷಕ್ಕೊಮ್ಮೆ ಕೈ ಊರಿ ಮೈ ಎತ್ತುವುದನ್ನು ರೈಲಿನಲ್ಲೂ ಮರೆಯದಿರಲಿ. ಹಾಸಿಗೆ ಹುಣ್ಣು ಕುರ್ಚಿಯಲ್ಲೂ ಬರುತ್ತದೆ.

450 ಮೀಟರ್‌ಗೆ ನೀವೇ ಒಂದು ಟೇಪ್ ಹಿಡಿದು ಹೋಗಿ ಬನ್ನಿ. ಎಲ್ಲೆಲ್ಲಿ ಎಷ್ಟು ಎತ್ತರ, ಕಂಬಗಳ ಮಧ್ಯೆ ಎಷ್ಟು ಜಾಗ, ಬರೆದು ಇಲ್ಲಿ ಹಾಕಿ. ಅಂದಾಜಿನಲ್ಲಿ ಮಾತಾಡಿದರೆ ದಾರಿ ಸಿಗಲ್ಲ.

ಬಸವನಗುಡಿ ಓದುಗ

ತಪ್ಪು ತಿಳಿಯಬೇಡಿ, ಒಂದು ಪ್ರಶ್ನೆ. ಇಷ್ಟೆಲ್ಲಾ ಕಷ್ಟ ಯಾಕೆ? ಲೆಕ್ಕಪತ್ರದ ಕೆಲಸ ಮನೆಯಿಂದಲೇ ಮಾಡಬಹುದು ಅಲ್ವಾ? ಕಂಪನಿಗೆ ಒಂದು ಪತ್ರ ಬರೆದರೆ ಒಪ್ಪಬಹುದು. ದಿನಾ ಈ ಟ್ರಾಫಿಕ್‌ನಲ್ಲಿ ಅವರು ಹೋಗಿಬರುವುದನ್ನು ನೆನೆದರೆ ಭಯವಾಗುತ್ತದೆ.

ನಾಲ್ಕು ಚಕ್ರ

ನಿಮ್ಮ ಕಾಳಜಿ ಅರ್ಥವಾಗುತ್ತದೆ ಸರ್. ಆದರೆ ಅಪಘಾತ ಆದ ಮೇಲೆ ನಾನು ನಾಲ್ಕು ವರ್ಷ ಮನೆಯಲ್ಲೇ ಇದ್ದೆ. ಯಾರೂ ಕೂಡಿ ಹಾಕಿರಲಿಲ್ಲ. ಮನೆಯ ಮುಂದೆ ಮೂರು ಮೆಟ್ಟಿಲಿತ್ತು, ಅಷ್ಟೇ. ಗೆಳೆಯರು ಬರುತ್ತಿದ್ದರು, ಆಮೇಲೆ ಕಡಿಮೆಯಾದರು. ಮೊದಲ ಸಲ ಕೆಲಸಕ್ಕೆ ಹೋದ ದಿನ ಕ್ಯಾಂಟೀನ್‌ನಲ್ಲಿ ಯಾರೋ ನನ್ನ ಹತ್ತಿರ ಕ್ರಿಕೆಟ್ ವಿಷಯ ಮಾತಾಡಿದರು. ಮೈ ಹೇಗಿದೆ ಅಂತ ಕೇಳಲಿಲ್ಲ. ಆ ದಿನ ಇನ್ನೂ ನೆನಪಿದೆ. ಮನೆಯಿಂದ ಕೆಲಸ ಬೇಕು ಅನ್ನುವವರಿಗೆ ಅದು ಸಿಗಲಿ. ಆದರೆ ರಸ್ತೆ ಸರಿ ಇಲ್ಲ ಅಂತ ಮನೆಯಲ್ಲಿ ಕೂರುವುದು ಬೇರೆ ವಿಷಯ.

ಬಸವನಗುಡಿ ಓದುಗ

ಸರಿ ಸರ್. ಆ ಕಡೆಯಿಂದ ಯೋಚಿಸಿರಲಿಲ್ಲ. ಕ್ಷಮಿಸಿ.

ಬಿಳಿ ಕೋಲು

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಸ್ಕ್ರೀನ್ ರೀಡರ್‌ನಲ್ಲಿ ಇದನ್ನೆಲ್ಲಾ ಕೇಳುತ್ತಿದ್ದೇನೆ. ಅಕ್ಕನ 450 ಮೀಟರ್ ನನಗೂ ಚೆನ್ನಾಗಿ ಗೊತ್ತು. ಅದೇ ರಸ್ತೆ ಅಲ್ಲ, ಅದೇ ಥರದ್ದು.

ನಿಲ್ದಾಣದ ಒಳಗೆ ಹಳದಿ ಉಬ್ಬು ಟೈಲ್ಸ್ ಇರುತ್ತದೆ. ಉದ್ದ ಗೆರೆ ಇದ್ದರೆ ಮುಂದೆ ನಡೆ ಅಂತ. ಗುಂಡು ಚುಕ್ಕಿ ಇದ್ದರೆ ನಿಲ್ಲು, ಮುಂದೆ ಏನೋ ಇದೆ ಅಂತ. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ಇದನ್ನು ಕಂಡುಹಿಡಿದರು. 1967ರಲ್ಲಿ ಒಕಾಯಾಮಾ ಊರಿನ ಅಂಧರ ಶಾಲೆಯ ಹತ್ತಿರ ಮೊದಲು ಹಾಕಿದರು. ಅದು ನಮ್ಮ ಕಾಲಿಗೆ ಅಕ್ಷರ ಇದ್ದಂತೆ. ಆದರೆ ಹೊರಗಿನ ಫುಟ್‌ಪಾತ್‌ನಲ್ಲಿ ಟೈಲ್ಸ್ ಹಾಕುವವರಿಗೆ ಆ ಅಕ್ಷರ ಬರುವುದಿಲ್ಲ. ಒಂದು ರಸ್ತೆಯಲ್ಲಿ ಗೆರೆ ಅಡ್ಡ ಹಾಕಿದ್ದರು. ಇನ್ನೊಂದು ಕಡೆ ಗೆರೆ ನೇರವಾಗಿ ಮರದ ಬುಡಕ್ಕೆ ಹೋಗಿ ನಿಂತಿತ್ತು, ಮುಂಚೆ ಒಂದು ಚುಕ್ಕಿ ಟೈಲ್ ಕೂಡ ಇರಲಿಲ್ಲ. ಹಣೆಗೆ ಪೆಟ್ಟಾಯಿತು. ಟೈಲ್ಸ್ ಇಲ್ಲದಿದ್ದರೆ ನಾನು ಕೋಲು ನಂಬಿ ನಿಧಾನ ನಡೆಯುತ್ತಿದ್ದೆ. ಇದ್ದುದರಿಂದ ಧೈರ್ಯವಾಗಿ ನಡೆದೆ.

ಬಸ್ಸಿನ ವಿಷಯವೂ ಹೇಳುತ್ತೇನೆ. ಮೊದಲು ಇಂಜಿನ್ ಸದ್ದಿನಲ್ಲಿ ಬಸ್ ಬಂತು ಅಂತ ಗೊತ್ತಾಗುತ್ತಿತ್ತು. ಈಗ ಎಲೆಕ್ಟ್ರಿಕ್ ಬಸ್ ಸದ್ದೇ ಇಲ್ಲದೆ ಬರುತ್ತದೆ. ಗಾಳಿಗೆ ಒಳ್ಳೆಯದು, ನನಗೂ ಸಂತೋಷವೇ. ಆದರೆ ಅದು ನಿಂತದ್ದೂ ಹೋದದ್ದೂ ತಿಳಿಯುವುದಿಲ್ಲ. ಬಾಗಿಲು ತೆರೆದಾಗ ಹೊರಗೆ ಕೇಳುವಂತೆ ನಂಬರ್ ಹೇಳಿದರೆ ಸಾಕು.

ಪಕ್ಕದಲ್ಲಿ ನಿಂತವರಿಗೆ ಒಂದು ಕೋರಿಕೆ. 'ಬಂತು ಬಂತು' ಅನ್ನಬೇಡಿ. 'ನಿಮ್ಮ ಬಸ್ ಬಂತು, ಬಾಗಿಲು ನಿಮ್ಮ ಎಡಕ್ಕೆ ನಾಲ್ಕು ಹೆಜ್ಜೆ' ಅನ್ನಿ. ಕೈ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈ ಕೊಡಿ, ನಾನು ಹಿಡಿದುಕೊಳ್ಳುತ್ತೇನೆ.

ನಾಲ್ಕು ಚಕ್ರ

ಹೌದು. ವೀಲ್‌ಚೇರ್‌ಗೂ ಅದೇ. ಕೇಳದೆ ಹಿಂದಿನಿಂದ ತಳ್ಳಬೇಡಿ. ನಾನು ತಡೆಯಲು ಚಕ್ರ ಹಿಡಿದಿರುತ್ತೇನೆ, ನೀವು ತಳ್ಳಿದರೆ ಮುಗ್ಗರಿಸುತ್ತೇನೆ. ಒಮ್ಮೆ ಹಾಗೆ ಬಿದ್ದಿದ್ದೇನೆ.

ಒಂಟಿಕೊಪ್ಪಲು

ಬಿಳಿ ಕೋಲು ಅವರೇ, ನಮ್ಮ ಮೈಸೂರಿನ ನಗರ ಬಸ್ಸುಗಳಲ್ಲಿ 2024ರಲ್ಲಿ 'ಧ್ವನಿ ಸ್ಪಂದನ' ಅಂತ ಒಂದು ವ್ಯವಸ್ಥೆ ಶುರು ಮಾಡಿದರು. ಕಣ್ಣು ಕಾಣದವರ ಕೈಯಲ್ಲಿ ಒಂದು ಸಣ್ಣ ಸಾಧನ ಇರುತ್ತದೆ. ಬಸ್ ಹತ್ತಿರ ಬಂದಾಗ ಗುಂಡಿ ಒತ್ತಿದರೆ ಅದು ರೂಟ್ ನಂಬರ್ ಹೇಳುತ್ತದೆ. ಬೇಕಾದ ಬಸ್ ಆರಿಸಿದರೆ ಬಸ್ಸಿನ ಬಾಗಿಲ ಹತ್ತಿರದ ಸ್ಪೀಕರ್‌ನಿಂದ ಸದ್ದು ಬರುತ್ತದೆ. ಆ ಸದ್ದಿನ ಜಾಡು ಹಿಡಿದು ಬಾಗಿಲಿಗೆ ಹೋಗಬಹುದು. ದೆಹಲಿ ಐಐಟಿಯಲ್ಲಿ ಬೆಳೆದ ತಂತ್ರ ಇದು. ನನ್ನ ಚಿಕ್ಕಪ್ಪನಿಗೆ ಕಣ್ಣು ಕಾಣುವುದಿಲ್ಲ. ಯಾರನ್ನೂ ಕೇಳದೆ ಬಸ್ ಹತ್ತಿದೆ ಅಂತ ಅವರು ಮನೆಗೆ ಬಂದು ಎರಡು ಸಲ ಹೇಳಿದರು.

ಬಿಳಿ ಕೋಲು

ನಿಮ್ಮ ಚಿಕ್ಕಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

ಕೆಂಗೇರಿ ಅಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ಚಕ್ರ ಅಣ್ಣ ಹೇಳಿದಂತೆ ನಿನ್ನೆ ಟೇಪ್ ಹಿಡಿದು ಹೋಗಿದ್ದೆ. ಜನ ನನ್ನನ್ನು ಸರ್ವೆಯವಳು ಅಂದುಕೊಂಡರು. ಬರೆದುಕೊಂಡದ್ದು ಹೀಗಿದೆ.

ಲಿಫ್ಟ್ ಸರಿಯಾದ ಬದಿಗೇ ಬಿಡುತ್ತದೆ. ಮೊದಲ 120 ಮೀಟರ್ ಚೆನ್ನಾಗಿದೆ. ಆಮೇಲೆ ಒಂದು ಅಡ್ಡರಸ್ತೆ. ಅಲ್ಲಿ ಫುಟ್‌ಪಾತ್‌ನಿಂದ ಇಳಿಯುವ ಕಡೆ 28 ಸೆಂ.ಮೀ. ಎತ್ತರ, ಇಳಿಜಾರು ಇಲ್ಲ. ದಾಟಿದ ಮೇಲೆ ಕಬ್ಬಿಣದ ಕಂಬಗಳು ಮೂರು ಕಡೆ. ಮಧ್ಯದ ಜಾಗ 58, 61, 74 ಸೆಂ.ಮೀ. ತಮ್ಮನ ಕುರ್ಚಿಯ ಅಗಲ 66. ಮುಂದೆ ಟ್ರಾನ್ಸ್‌ಫಾರ್ಮರ್ ಇರುವ ಕಡೆ ಉಳಿಯುವುದು 50 ಸೆಂ.ಮೀ. ಮಾತ್ರ. ಕೊನೆಗೆ ಆಫೀಸಿನ ಗೇಟಿನಲ್ಲಿ ಎರಡು ಮೆಟ್ಟಿಲು, ಒಟ್ಟು 30 ಸೆಂ.ಮೀ.

ಆಫೀಸಿನವರು ಫೋನಿನಲ್ಲಿ 'ನಮ್ಮಲ್ಲಿ ಎಲ್ಲಾ ಅನುಕೂಲ ಇದೆ' ಅಂದಿದ್ದರು. ಒಳಗೆ ಇದೆ, ನಿಜ. ಲಿಫ್ಟ್ ಇದೆ, ಶೌಚಾಲಯದ ಬಾಗಿಲು 92 ಸೆಂ.ಮೀ. ಗೇಟಿನ ಎರಡು ಮೆಟ್ಟಿಲು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಸೈಟ್ ಇಂಜಿನಿಯರ್

ಅಕ್ಕ, ಈ ಅಳತೆ ನೋಡಿ ಸಂತೋಷವಾಯಿತು. ರಸ್ತೆ ಕೆಲಸದಲ್ಲೇ 18 ವರ್ಷ ಕಳೆದಿದ್ದೇನೆ. ಒಂದೊಂದಾಗಿ ಹೇಳುತ್ತೇನೆ.

ಗೇಟಿನ ಮೆಟ್ಟಿಲು ಮೊದಲು. ಇಳಿಜಾರಿಗೆ ಲೆಕ್ಕ ಒಂದಕ್ಕೆ ಹನ್ನೆರಡು. ಒಂದು ಸೆಂ.ಮೀ. ಎತ್ತರಕ್ಕೆ 12 ಸೆಂ.ಮೀ. ಉದ್ದ. ನಿಮ್ಮ 30 ಸೆಂ.ಮೀ.ಗೆ 3.6 ಮೀಟರ್ ಬೇಕು. ಮೇಸ್ತ್ರಿಗಳು ಮೆಟ್ಟಿಲ ಮೇಲೆ ಒಂದು ಗ್ರಾನೈಟ್ ಚಪ್ಪಡಿ ಓರೆಯಾಗಿ ಇಟ್ಟು ರ‍್ಯಾಂಪ್ ಅನ್ನುತ್ತಾರೆ. ಅದು ಬೈಕ್ ಹತ್ತಿಸಲು. ವೀಲ್‌ಚೇರ್ ಅದರ ಮೇಲೆ ಹಿಂದಕ್ಕೆ ಮಗುಚುತ್ತದೆ. ಮಳೆಯಲ್ಲಿ ಪಾಲಿಶ್ ಗ್ರಾನೈಟ್ ಇನ್ನೂ ಅಪಾಯ. ಒರಟು ಮೇಲ್ಮೈ ಬೇಕು, ಎರಡೂ ಬದಿ ಹಿಡಿಕೆ ಬೇಕು. ಗೇಟಿನ ಮುಂದೆ ನೇರ 3.6 ಮೀಟರ್ ಜಾಗ ಇಲ್ಲದಿದ್ದರೆ ಗೋಡೆಗೆ ಸೇರಿಸಿ ಪಕ್ಕಕ್ಕೆ ಕಟ್ಟಬಹುದು. ತಿರುಗುವ ಕಡೆ ಒಂದೂವರೆ ಮೀಟರ್ ಸಮತಟ್ಟು ಬಿಡಲಿ.

ಫುಟ್‌ಪಾತ್ ಎತ್ತರ 15 ಸೆಂ.ಮೀ. ಮೀರಬಾರದು, ನಡೆಯಲು 1.8 ಮೀಟರ್ ಅಗಲ ತೆರವಾಗಿರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರ ಮಾರ್ಗಸೂಚಿಯಲ್ಲೇ ಇದೆ. 28 ಸೆಂ.ಮೀ. ಎತ್ತರ ಹೇಗೆ ಬರುತ್ತದೆ ಗೊತ್ತಾ? ಬೈಕ್ ಹತ್ತದಿರಲಿ ಅಂತ ಎತ್ತರ ಮಾಡುತ್ತಾರೆ. ಕೆಳಗೆ ಚರಂಡಿ ಇರುವುದರಿಂದ ಅದರ ಮೇಲಿನ ಚಪ್ಪಡಿಯ ಮಟ್ಟಕ್ಕೇ ಫುಟ್‌ಪಾತ್ ಮಟ್ಟ ಹೋಗುವುದೂ ಉಂಟು. ವಯಸ್ಸಾದವರು ಅದನ್ನು ಹತ್ತಲಾರದೆ ರಸ್ತೆಯಲ್ಲೇ ನಡೆಯುತ್ತಾರೆ.

ಕಂಬಗಳ ವಿಷಯ ಕಷ್ಟದ್ದು. ಅದನ್ನು ನೆಟ್ಟವರ ಉದ್ದೇಶ ಒಳ್ಳೆಯದೇ. ಬೈಕ್‌ನವರು ಫುಟ್‌ಪಾತ್ ಮೇಲೆ ಬರದಿರಲಿ ಅಂತ. ಆದರೆ ವೀಲ್‌ಚೇರ್ ಹೋಗಲು 90 ಸೆಂ.ಮೀ. ಆದರೂ ಬೇಕು. ಅಷ್ಟು ಜಾಗ ಬಿಟ್ಟರೆ ಬೈಕ್ ಕೂಡ ನುಗ್ಗುತ್ತದೆ. ಕಂಬ ನೆಟ್ಟು ಬೈಕ್ ತಡೆದು ವೀಲ್‌ಚೇರ್ ಬಿಡುವ ಅಳತೆ ಇಲ್ಲ. ಇದನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಬೈಕ್‌ನವರನ್ನು ತಡೆಯಬೇಕಾದ್ದು ಪೊಲೀಸ್ ದಂಡದಿಂದ. ಕಂಬದಿಂದ ತಡೆಯಲು ಹೋದರೆ ತಪ್ಪು ಮಾಡದವರು ಹೊರಗುಳಿಯುತ್ತಾರೆ. ನೀವು ದೂರು ಕೊಡುವಾಗ 'ಎಲ್ಲಾ ಕಂಬ ತೆಗೆಯಿರಿ' ಅನ್ನಬೇಡಿ, ಫೈಲ್ ಹಾಗೇ ಕೂರುತ್ತದೆ. 'ಪ್ರತಿ ಸಾಲಿನಲ್ಲಿ ಒಂದು ಕಂಬ ಸರಿಸಿ 90 ಸೆಂ.ಮೀ. ಮಾಡಿ' ಅಂತ ಕೇಳಿ. ಫೋಟೋ, ಅಳತೆ, ಹತ್ತಿರದ ವಿದ್ಯುತ್ ಕಂಬದ ನಂಬರ್ ಕೊಡಿ. ಕಂಬ ಸರಿಸುವುದು ಒಬ್ಬ ಮೇಸ್ತ್ರಿಗೆ ಅರ್ಧ ದಿನದ ಕೆಲಸ. ಟ್ರಾನ್ಸ್‌ಫಾರ್ಮರ್ ಸರಿಸುವುದು ಹಾಗಲ್ಲ, ಅದು ಬೇರೆ ಇಲಾಖೆ, ವರ್ಷ ಹಿಡಿಯಬಹುದು.

ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಅನ್ನುವ ರಸ್ತೆ ಯೋಜನೆಯ ಕೆಲಸದಲ್ಲಿ ಪೈಪು, ಕೇಬಲ್ ಎಲ್ಲಾ ಫುಟ್‌ಪಾತ್ ಅಡಿಗೆ ಸೇರಿಸಿ ಅಗಲ ಮಾಡಿದ್ದಾರೆ. ಅಲ್ಲಿ ಒಮ್ಮೆ ನಿಮ್ಮ ತಮ್ಮನನ್ನು ಕರೆದುಕೊಂಡು ಹೋಗಿ. ನಮ್ಮ ಊರಲ್ಲೂ ಅಂಥ ಫುಟ್‌ಪಾತ್ ಕಟ್ಟಲು ಬರುತ್ತದೆ ಅಂತ ಅವನು ನೋಡಲಿ.

ಅರ್ಜಿ ಬರೆಯುವವಳು

ದೂರಿನ ಜೊತೆ ಕಾನೂನನ್ನೂ ಎರಡು ಸಾಲು ಸೇರಿಸಿ ಅಕ್ಕ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಸೆಕ್ಷನ್‌ನಲ್ಲಿ ಬಸ್ ನಿಲ್ದಾಣ, ರೈಲು ನಿಲ್ದಾಣದ ಜೊತೆ ರಸ್ತೆಯೂ ಬರುತ್ತದೆ. 45ನೇ ಸೆಕ್ಷನ್ ಪ್ರಕಾರ ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ನಿಯಮ ಬಂದ ಮೇಲೆ 5 ವರ್ಷದ ಗಡುವು ಇತ್ತು. ನಿಯಮ ಬಂದದ್ದು 2017ರಲ್ಲಿ. ಆಮೇಲೆ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿತು. ಈ ಅಳತೆಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು.

ಆಫೀಸಿನವರ ಹತ್ತಿರ ಜಗಳ ಬೇಡ. ಅದೇ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಖಾಸಗಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಬರೆದಿಟ್ಟಿರಬೇಕು. 'ನಿಮ್ಮ ನೀತಿಯ ಪ್ರತಿ ಕೊಡಿ, ಗೇಟಿನ ರ‍್ಯಾಂಪ್ ಬಗ್ಗೆ ಮಾತಾಡೋಣ' ಅಂತ ಮೇಲ್ ಬರೆಯಲಿ. ರಸ್ತೆಯ ದೂರಿಗೆ ಉತ್ತರ ಬರದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ಬರೆಯಬಹುದು. ವಕೀಲರು ಬೇಕಾಗಿಲ್ಲ.

ಮಾಜಿ ಕಂಡಕ್ಟರ್

ನಾನು 29 ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಯಾವ ಊರು, ಯಾವ ಸಂಸ್ಥೆ ಅಂತ ಬರೆಯಲ್ಲ. ಬಸ್ಸಿನ ಬಗ್ಗೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳಬೇಕು ಅನ್ನಿಸಿತು.

ತಗ್ಗು ನೆಲದ ಬಸ್ಸಿನಲ್ಲಿ ನೆಲದ ಎತ್ತರ ಸುಮಾರು 40 ಸೆಂ.ಮೀ. ಬಾಗಿಲಲ್ಲಿ ಮಡಚಿಟ್ಟ ಹಲಗೆ ಇರುತ್ತದೆ. ಅದನ್ನು ಎತ್ತಿ ಹೊರಗೆ ಹಾಸಿದರೆ ವೀಲ್‌ಚೇರ್ ಹತ್ತುತ್ತದೆ. ಈಗ ಲೆಕ್ಕ ನೋಡಿ. ಬಸ್ಸು 15 ಸೆಂ.ಮೀ. ಎತ್ತರದ ಫುಟ್‌ಪಾತ್‌ಗೆ ತಾಗಿ ನಿಂತರೆ ಹಲಗೆ ಏರಬೇಕಾದ್ದು 25 ಸೆಂ.ಮೀ. ನಡು ರಸ್ತೆಯಲ್ಲಿ ನಿಂತರೆ ಪೂರಾ 40. ಅದು ಗೋಡೆ ಹತ್ತಿದಂತೆ. ಬಸ್ಸು ಯಾಕೆ ನಡು ರಸ್ತೆಯಲ್ಲಿ ನಿಲ್ಲುತ್ತದೆ? ಬಸ್ ನಿಲ್ಲುವ ಜಾಗದಲ್ಲಿ ಆಟೋ, ಕಾರು, ತಳ್ಳುಗಾಡಿ ಇರುತ್ತವೆ. ಡ್ರೈವರ್ ಒಳಗೆ ಹಾಕಿದರೆ ಮತ್ತೆ ಹೊರಗೆ ಬರಲು ಯಾರೂ ದಾರಿ ಬಿಡಲ್ಲ. ಹಿಂದೆ ಟ್ರಿಪ್ ಲೇಟ್ ಅಂತ ಕೇಳುವವರು ಇರುತ್ತಾರೆ.

ಇದು ಕಾರಣ, ಸಬೂಬು ಅಲ್ಲ. ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ಒಂದು ಸಂಜೆ ಒಬ್ಬ ಹುಡುಗಿ ವೀಲ್‌ಚೇರ್‌ನಲ್ಲಿ ಕೈ ಎತ್ತಿದ್ದಳು. ಹಲಗೆ ಇಳಿಸಿ, ಮತ್ತೆ ಮಡಚಿ ಹೊರಡಲು ಮೂರು ನಿಮಿಷ ಬೇಕಿತ್ತು. ಬಸ್ ತುಂಬಿತ್ತು. ನಾನು ವಿಷಲ್ ಹೊಡೆದೆ. ಆ ಹುಡುಗಿಯ ಮುಖ ಇವತ್ತಿಗೂ ಮರೆತಿಲ್ಲ. ಆ ಹಲಗೆಯನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ಬಿಚ್ಚಿರಲಿಲ್ಲ. ಹೇಗೆ ಬಿಚ್ಚುವುದು ಅಂತಲೂ ಸರಿಯಾಗಿ ಗೊತ್ತಿರಲಿಲ್ಲ. ಮರುದಿನ ಡಿಪೋದಲ್ಲಿ ಮೆಕ್ಯಾನಿಕ್ ಹತ್ತಿರ ಕೇಳಿ ಕಲಿತೆ. ನಿವೃತ್ತಿಯಾಗುವವರೆಗೆ ನಾಲ್ಕು ಸಲ ಬಿಚ್ಚಿದೆ. ಜನ ಗೊಣಗುತ್ತಾರೆ ಅಂದುಕೊಂಡಿದ್ದೆ. ನಾಲ್ಕು ಸಲವೂ ಯಾರೋ ಇಳಿದು ಬಂದು ಕೈ ಜೋಡಿಸಿದರು.

ಹಾಗಾಗಿ ಕೆಲಸದಲ್ಲಿರುವ ಕಂಡಕ್ಟರ್ ತಮ್ಮಂದಿರು, ತಂಗಿಯರು ಇದನ್ನು ಓದುತ್ತಿದ್ದರೆ ಕೇಳುತ್ತೇನೆ. ನಿಮ್ಮ ಬಸ್ಸಿನ ಹಲಗೆಯನ್ನು ಶಿಫ್ಟ್ ಶುರುವಾಗುವ ಮುಂಚೆ ಒಂದು ಸಲ ಬಿಚ್ಚಿ ನೋಡಿ. ಮಣ್ಣು ತುಂಬಿ ಕಚ್ಚಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಉಪಯೋಗದ ವಿಷಯ. ಅಂಗವಿಕಲರ ರಿಯಾಯಿತಿ ಬಸ್ ಪಾಸ್ ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿ.ಮೀ. ಒಳಗೆ. ಕಣ್ಣು ಕಾಣದವರಿಗೆ ಉಚಿತ ಪಾಸ್. ಅರ್ಜಿ ಸೇವಾ ಸಿಂಧುವಿನಲ್ಲಿ.

ನಾಲ್ಕು ಚಕ್ರ

ಕಂಡಕ್ಟರ್ ಸರ್, ಇದನ್ನು ಬರೆದದ್ದಕ್ಕೆ ಧನ್ಯವಾದ. ನಾನು ಆ ಹುಡುಗಿಯ ಜಾಗದಲ್ಲಿ ಎಷ್ಟೋ ಸಲ ನಿಂತಿದ್ದೇನೆ. ಬಸ್ಸಿನ ಒಳಗೆ ಇದ್ದವರು ಏನು ಯೋಚಿಸುತ್ತಾರೆ ಅಂತ ಇವತ್ತು ಮೊದಲ ಸಲ ಕೇಳಿದೆ.

ಕೈಮಾತು

ನನಗೆ ಕಿವಿ ಕೇಳುವುದಿಲ್ಲ. ಸನ್ನೆ ಭಾಷೆ ನನ್ನ ಭಾಷೆ, ಬರೆಯುವ ಕನ್ನಡ ಎರಡನೆಯದು, ತಪ್ಪಿದ್ದರೆ ಕ್ಷಮಿಸಿ. ನನ್ನ ಕಾಲು ಗಟ್ಟಿ ಇದೆ, ಯಾವ ಮೆಟ್ಟಿಲೂ ಹತ್ತುತ್ತೇನೆ. ನನ್ನ ತೊಂದರೆ ಆಟೋ ಬುಕ್ ಮಾಡುವಾಗ. ಡ್ರೈವರ್ ಫೋನ್ ಮಾಡುತ್ತಾರೆ. ನಾನು ಎತ್ತುವುದಿಲ್ಲ. ಅವರು ಕ್ಯಾನ್ಸಲ್ ಮಾಡುತ್ತಾರೆ. ಬುಕ್ ಆದ ತಕ್ಷಣ 'ನನಗೆ ಕಿವಿ ಕೇಳಿಸದು, ಮೆಸೇಜ್ ಮಾಡಿ, ನೀಲಿ ಬ್ಯಾಗ್ ಹಾಕಿ ಗೇಟ್ ಮುಂದೆ ನಿಂತಿದ್ದೇನೆ' ಅಂತ ಕನ್ನಡದಲ್ಲಿ ಕಳಿಸುತ್ತೇನೆ. ಮೊದಲು ಇಂಗ್ಲಿಷ್‌ನಲ್ಲಿ ಕಳಿಸುತ್ತಿದ್ದೆ, ಕನ್ನಡಕ್ಕೆ ಬದಲಿಸಿದ ಮೇಲೆ ಕ್ಯಾನ್ಸಲ್ ಕಡಿಮೆಯಾಯಿತು. ನಮ್ಮ ಯಾತ್ರಿ ಆ್ಯಪ್‌ನಲ್ಲಿ ಅಂಗವೈಕಲ್ಯ ನಮೂದಿಸುವ ಆಯ್ಕೆ ಇದೆ, ಅದೂ ನೆರವಾಗುತ್ತದೆ.

ರೈಲು ನಡುವೆ ನಿಂತಾಗ ಮೈಕ್‌ನಲ್ಲಿ ಏನೋ ಹೇಳುತ್ತಾರೆ. ಎಲ್ಲರೂ ಇಳಿಯಲು ಶುರು ಮಾಡಿದಾಗ ನನಗೆ ಎದೆ ಹೊಡೆದುಕೊಳ್ಳುತ್ತದೆ. ಯಾಕೆ ಅಂತ ಯಾರನ್ನು ಕೇಳಲಿ? ಬಾಯಿಯಲ್ಲಿ ಹೇಳಿದ ಮಾತು ಬೋರ್ಡಿನಲ್ಲೂ ಬಂದರೆ ಸಾಕು.

ಮಗಳ ಅಮ್ಮ

ನನ್ನ ಮಗಳಿಗೆ 9 ವರ್ಷ, ಆಟಿಸಂ ಇದೆ. ನೋಡಿದರೆ ಗೊತ್ತಾಗುವುದಿಲ್ಲ. ಜಾಸ್ತಿ ಸದ್ದಾದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾಳೆ. ಸೀಟು ಕೇಳಿದರೆ 'ಇಷ್ಟು ದೊಡ್ಡವಳು ನಿಲ್ಲಬಹುದಲ್ಲಾ' ಅನ್ನುತ್ತಾರೆ. 2016ರ ಕಾಯ್ದೆಯಲ್ಲಿ ಅಂಗವೈಕಲ್ಯದ ಪಟ್ಟಿ 7ರಿಂದ 21ಕ್ಕೆ ಏರಿತು, ಆಟಿಸಂ ಕೂಡ ಅದರಲ್ಲಿದೆ. ಕಾರ್ಡ್ ಕತ್ತಿಗೆ ಹಾಕಿಕೊಂಡು ಹೋಗುತ್ತೇವೆ. ಮಗಳ ಕಷ್ಟವನ್ನು ಅಪರಿಚಿತರಿಗೆ ದಿನಾ ಸಾಬೀತು ಮಾಡುವುದು ಸುಸ್ತು ಕಣ್ರೀ. ಖಾಲಿ ರೈಲಿನಲ್ಲಿ ಕಿಟಕಿ ಹತ್ತಿರ ಕೂರಿಸಿದರೆ ಅವಳು ನಿಲ್ದಾಣಗಳ ಹೆಸರನ್ನು ಒಂದೂ ತಪ್ಪದೆ ಹೇಳುತ್ತಾಳೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ.

ಕ್ರಾಯ್ಡನ್ ಕನ್ನಡತಿ

ಹುಟ್ಟಿದ್ದು ರಾಜಾಜಿನಗರ, ಈಗ ಲಂಡನ್ ಬದಿ ಇದ್ದೇನೆ. ಅತ್ತೆ ವೀಲ್‌ಚೇರ್‌ನಲ್ಲಿದ್ದಾರೆ. ಇಲ್ಲಿ ಎಲ್ಲಾ ಸರಿ ಇದೆ ಅಂತ ಊರಲ್ಲಿ ಅಂದುಕೊಳ್ಳುತ್ತಾರೆ. ಟ್ಯೂಬ್ ರೈಲಿನ 272 ನಿಲ್ದಾಣಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಮಾತ್ರ ಮೆಟ್ಟಿಲಿಲ್ಲದ ದಾರಿ ಇದೆ, ಅಷ್ಟು ಹಳೆಯದು. ಹಾಗಾಗಿ ನಾವು ಬಸ್ಸನ್ನೇ ನಂಬಿದ್ದೇವೆ. ಬಸ್ಸುಗಳಲ್ಲಿ ಹಲಗೆ ಇದೆ, ಡ್ರೈವರ್ ಗುಂಡಿ ಒತ್ತಿದರೆ ಹೊರಗೆ ಬರುತ್ತದೆ. ಬೆಂಗಳೂರಿನಲ್ಲಿ ತಿರುಗಾಮುರುಗ. ರೈಲು ಚೆನ್ನಾಗಿದೆ, ಬಸ್ಸು ಮತ್ತು ಫುಟ್‌ಪಾತ್ ಬಾಕಿ ಇದೆ. ಮೆಟ್ರೋವನ್ನು ಲಿಫ್ಟ್ ಸಮೇತ ಕಟ್ಟಲು ಬಂದ ಊರಿಗೆ 450 ಮೀಟರ್ ಫುಟ್‌ಪಾತ್ ಕಷ್ಟವಾಗಬಾರದು.

ಕೆಂಗೇರಿ ಅಕ್ಕ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಎಲ್ಲರೂ ಕೇಳಿದ್ದೀರಿ, ಹೇಳದೆ ಇರಬಾರದು.

ಭಾನುವಾರ ಒಮ್ಮೆ, ಬುಧವಾರ ಒಮ್ಮೆ ಹೋಗಿ ಬಂದೆವು. ರೈಲಿನಲ್ಲಿ ಹಿಮ್ಮುಖವಾಗಿ ಹತ್ತುವುದು ಮೊದಲ ಸಲಕ್ಕೇ ಬಂತು. ಕೆಂಗೇರಿಯಲ್ಲಿ ಗಾರ್ಡ್ ಒಬ್ಬರು ಇಳಿಯುವ ನಿಲ್ದಾಣಕ್ಕೆ ತಾವೇ ಹೇಳಿ ಕಳಿಸಿದರು. ಅಲ್ಲಿ ಇಳಿಯುವಾಗ ಒಬ್ಬರು ಬಾಗಿಲ ಹತ್ತಿರ ಕಾಯುತ್ತಿದ್ದರು.

ಆಫೀಸಿನವರಿಗೆ ಅಳತೆ, ಫೋಟೋ ಕಳಿಸಿದೆವು. ಎರಡೇ ದಿನದಲ್ಲಿ ಫೋನ್ ಬಂತು. ಪಕ್ಕದ ಗೋಡೆಗೆ ಸೇರಿಸಿ 3.6 ಮೀಟರ್ ರ‍್ಯಾಂಪ್ ಕಟ್ಟಿಸಿದ್ದಾರೆ, ಒರಟು ಸಿಮೆಂಟ್, ಎರಡೂ ಬದಿ ಹಿಡಿಕೆ. ಸೈಟ್ ಇಂಜಿನಿಯರ್ ಅವರೇ, ನೀವು ಬರೆದದ್ದನ್ನೇ ಪ್ರಿಂಟ್ ತೆಗೆದು ಮೇಸ್ತ್ರಿಗೆ ಕೊಟ್ಟರಂತೆ. ಬೆಳಗ್ಗೆ 9ರ ಬದಲು 8ಕ್ಕೆ ಬರಲು ಒಪ್ಪಿದ್ದಾರೆ.

ರಸ್ತೆಯ ದೂರು ಕೊಟ್ಟಿದ್ದೇವೆ. ನಂಬರ್ ಬಂದಿದೆ, ಕೆಲಸ ಆಗಿಲ್ಲ. ಹಾಗಾಗಿ ಈಗ ಅವನು ಮೊದಲ 120 ಮೀಟರ್ ಫುಟ್‌ಪಾತ್‌ನಲ್ಲಿ ಹೋಗುತ್ತಾನೆ. ಅಡ್ಡರಸ್ತೆಯ ಹತ್ತಿರ ಇಳಿಸಲು ಅಲ್ಲಿನ ಎಳನೀರಿನ ಅಣ್ಣ ಬರುತ್ತಾರೆ. ಹೇಗೆ ಹಿಡಿಯಬೇಕು ಅಂತ ತಮ್ಮನೇ ಹೇಳಿಕೊಟ್ಟಿದ್ದಾನೆ. ಉಳಿದದ್ದು ರಸ್ತೆಯ ಅಂಚಿನಲ್ಲಿ. ಕುರ್ಚಿಯ ಹಿಂದೆ ಕೆಂಪು ಮಿನುಗುವ ದೀಪ ಕಟ್ಟಿದ್ದೇನೆ. ನನಗೆ ಅವನು ಆಫೀಸ್ ತಲುಪಿದೆ ಅಂತ ಮೆಸೇಜ್ ಮಾಡುವವರೆಗೆ ಸಮಾಧಾನ ಇರುವುದಿಲ್ಲ. ಇನ್ನೆರಡು ವಾರ ನೋಡಿ ಆಯುಕ್ತರಿಗೆ ಬರೆಯುತ್ತೇವೆ.

ನಿನ್ನೆ ಅವನು ಸಂಜೆ ಏಳೂವರೆಯಾದರೂ ಬರಲಿಲ್ಲ. ಗಾಬರಿಯಿಂದ ಫೋನ್ ಮಾಡಿದೆ. ಆಫೀಸಿನವರ ಜೊತೆ ದೋಸೆ ತಿನ್ನಲು ಹೋಗಿದ್ದನಂತೆ.

ಈಗ ಹೊಸ ಪ್ರಶ್ನೆ. ಮಳೆ ಶುರುವಾಗಿದೆ. ಎರಡೂ ಕೈ ಚಕ್ರದ ಮೇಲೆ ಇದ್ದರೆ ಕೊಡೆ ಹಿಡಿಯುವುದು ಹೇಗೆ?

ನಾಲ್ಕು ಚಕ್ರ

ಕೊಡೆ ಆಗಲ್ಲ ಅಕ್ಕ. ತಲೆಯಿಂದ ಹಾಕುವ ಅಗಲದ ರೇನ್‌ಕೋಟ್ ತನ್ನಿ, ಮುಂದೆ ಮೊಣಕಾಲು ಮುಚ್ಚುವಷ್ಟು ಉದ್ದ ಇರಲಿ, ಪಕ್ಕದಲ್ಲಿ ಚಕ್ರಕ್ಕೆ ಸಿಕ್ಕದಂತೆ ತೊಡೆಯ ಕೆಳಗೆ ಸೇರಿಸಬೇಕು. ಒದ್ದೆಯಾದರೆ ಚಕ್ರದ ಬಳೆ ಜಾರುತ್ತದೆ, ಅಂಗೈಗೆ ರಬ್ಬರ್ ಇರುವ ತೋಟದ ಕೆಲಸದ ಗ್ಲೌಸ್ ಸಾಕು, ದುಬಾರಿ ಬೇಡ. ಸೀಟಿನ ದಿಂಬಿಗೆ ಪ್ಲಾಸ್ಟಿಕ್ ಕವರ್ ಹಾಕಿ, ಒದ್ದೆ ದಿಂಬಿನ ಮೇಲೆ ದಿನವಿಡೀ ಕೂತರೆ ಹುಣ್ಣಾಗುತ್ತದೆ. ಒಂದು ಜೊತೆ ಒಣ ಪ್ಯಾಂಟ್ ಆಫೀಸಿನಲ್ಲೇ ಇಟ್ಟಿರಲಿ. ಟೈರ್ ನೆನೆದಾಗ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ, ರೈಲು ಹತ್ತುವ ಮುಂಚೆ ಒಂದು ಬಟ್ಟೆಯಲ್ಲಿ ಒರೆಸಿಕೊಳ್ಳಲಿ.

ಆಮೇಲೆ, ಆ ದೋಸೆ ಹೋಟೆಲಿನ ಬಾಗಿಲಲ್ಲಿ ಮೆಟ್ಟಿಲು ಎಷ್ಟಿತ್ತು ಅಂತ ಅವನನ್ನು ಕೇಳಿ ಹೇಳಿ. ನಾನೂ ಅದೇ ದಾರಿಯಲ್ಲೇ ಬರುತ್ತೇನೆ.